ದಿನ ತುಂಬದ ಮಗುವಿನ ಬಾಣಂತಿ ಎಲ್ಲಿರಬೇಕು?

(ಕೋಲಾರದಲ್ಲಿ ಗರ್ಭಿಣಿಯರು, ಅವರ ಮನೆಯ ಹಿರಿಯರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ.)

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ನಮ್ಮ ಕೋಲಾರದ ಕಡೆ ಕನ್ನಡ ಆಡುವ ಮನೆಯಲ್ಲೂ ತೆಲುಗು ಆಡುವ ಮನೆಯಲ್ಲೂ ಹಿರಿಯರು ಇದನ್ನು ಒಂದೇ ಖಾತರಿಯಿಂದ ಹೇಳುತ್ತಾರೆ. ಈ ನಂಬಿಕೆ ನಮ್ಮದು ಮಾತ್ರವಲ್ಲ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಗ್ರೀಕ್ ವೈದ್ಯರ ಬರಹಗಳಲ್ಲಿಯೂ ಇದು ಸಿಗುತ್ತದೆ. ಆದರೂ ಇದು ಸುಳ್ಳು, ಮತ್ತು ಕೈಕಟ್ಟಿ ಕೂರಿಸುವ ಸುಳ್ಳು. ಗರ್ಭದಲ್ಲಿ ಕಳೆಯುವ ಒಂದೊಂದು ವಾರವೂ ಮಗುವಿನ ಶ್ವಾಸಕೋಶಕ್ಕೆ, ಮೆದುಳಿಗೆ, ಕರುಳಿಗೆ ಬಲ ಕೂಡಿಸುತ್ತಲೇ ಹೋಗುತ್ತದೆ. ಆದ್ದರಿಂದ ಎಂಟನೆಯ ತಿಂಗಳಲ್ಲಿ ಹುಟ್ಟಿದ ಮಗುವಿಗೆ ಏಳನೆಯ ತಿಂಗಳಲ್ಲಿ ಹುಟ್ಟಿದ ಮಗುವಿಗಿಂತ ಉಳಿಯುವ ಅವಕಾಶ ಹೆಚ್ಚೇ ಹೊರತು ಕಡಿಮೆಯಲ್ಲ. ಎಂಟು ತಿಂಗಳೆಂದು ಕೇಳಿದೊಡನೆ ಆಸೆ ಬಿಟ್ಟು ಕುಳಿತ ಮನೆಗಳನ್ನು ನಾನು ಕಂಡಿದ್ದೇನೆ. ಹಾಗಾಗಿ ಮೊದಲು ಈ ಮಾತನ್ನು ನಾವು ಇಲ್ಲಿಯೇ ಬಿಟ್ಟು ಮುಂದೆ ಹೋಗೋಣ.

ವೈದ್ಯರು ತಿಂಗಳುಗಳ ಲೆಕ್ಕ ಹಿಡಿಯುವುದಿಲ್ಲ, ವಾರಗಳ ಲೆಕ್ಕ ಹಿಡಿಯುತ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ದಿನ ತುಂಬುವುದು 40 ವಾರಗಳಿಗೆ. 37 ವಾರಗಳು ಪೂರ್ಣವಾಗುವ ಮೊದಲು ಹುಟ್ಟಿದ ಮಗುವನ್ನು ದಿನ ತುಂಬದ ಮಗು ಎನ್ನುತ್ತಾರೆ. 32 ವಾರಗಳಿಗಿಂತ ಮೊದಲು ಹುಟ್ಟಿದರೆ ಅಪಾಯ ಹೆಚ್ಚು, 28ಕ್ಕಿಂತ ಮೊದಲಾದರೆ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು, ಬೇರೆ ಯಾವ ದೇಶದಲ್ಲಿಯೂ ಇಷ್ಟು ಇಲ್ಲ. ಈ ಅಂಕಿಯನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಇಂಥ ಹೆರಿಗೆಯಾದ ಮನೆಯಲ್ಲಿ ತಾಯಿಯನ್ನು ಎಲ್ಲರೂ ಒಂದು ವಿಚಿತ್ರದಂತೆ ನೋಡುತ್ತಾರೆ. ಅವಳಿಗಾದದ್ದು ವಿಚಿತ್ರವಲ್ಲ, ಎಷ್ಟೋ ಲಕ್ಷ ತಾಯಂದಿರಿಗೆ ಆಗುತ್ತಿರುವುದು ಎಂದು ನಿಮಗೆ ತಿಳಿದಿರಲಿ.

ಏಕೆ ಹೀಗಾಗುತ್ತದೆ ಎಂಬುದಕ್ಕೆ ಕಾರಣಗಳಿವೆ. ಮೂತ್ರದ ಸೋಂಕು, ಗರ್ಭಕೋಶದ ಸೋಂಕು, ರಕ್ತದೊತ್ತಡ ಏರುವುದು, ಅವಳಿ ಮಕ್ಕಳು, ತೀವ್ರ ರಕ್ತಹೀನತೆ, ತೀರ ಚಿಕ್ಕ ವಯಸ್ಸಿನ ಬಸಿರು, ಒಂದು ಹೆರಿಗೆಗೂ ಇನ್ನೊಂದು ಬಸಿರಿಗೂ ನಡುವೆ ಅಂತರವಿಲ್ಲದಿರುವುದು, ಹಿಂದೊಮ್ಮೆ ದಿನ ತುಂಬದೆ ಹೆರಿಗೆ ಆಗಿರುವುದು ಇವೆಲ್ಲ ಆ ಕಾರಣಗಳಲ್ಲಿ ಸೇರಿವೆ. ಎಷ್ಟೋ ಹೆರಿಗೆಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಆದರೆ ಗ್ರಹಣದ ದಿನ ಅಂಗಳಕ್ಕೆ ಬಂದದ್ದು, ಪರಂಗಿ ಹಣ್ಣು ತಿಂದದ್ದು, ಮೆಟ್ಟಿಲು ಹತ್ತಿದ್ದು, ಗಂಡನ ಜೊತೆ ಜಗಳವಾಡಿದ್ದು ಎಂದು ತಾಯಿಯ ಮುಂದೆ ಪಟ್ಟಿ ಹಾಕಬೇಡಿ. ಮಗು ತೀವ್ರ ನಿಗಾ ಘಟಕದಲ್ಲಿರುವಾಗ ಅವಳು ಆ ಪಟ್ಟಿಯನ್ನು ರಾತ್ರಿಯೆಲ್ಲ ತಾನೇ ಓದಿಕೊಳ್ಳುತ್ತಿರುತ್ತಾಳೆ.

ಇದು ನನಗೂ ಆದದ್ದೇ. ಆಗ ನನಗೆ ಬಸಿರಿನ ಮೂವತ್ತನೆಯ ವಾರ ನಡೆಯುತ್ತಿತ್ತು. ಮುಳಬಾಗಿಲು ತಾಲ್ಲೂಕಿನ ಹಳ್ಳಿಯಲ್ಲಿ ತವರಿನಲ್ಲಿದ್ದೆ. ಮಧ್ಯಾಹ್ನದಿಂದ ಸೊಂಟ ಹಿಡಿದುಕೊಂಡಂತಾಗಿ, ಹೊಟ್ಟೆ ಆಗಾಗ ಬಿಗಿದು ಮತ್ತೆ ಸಡಿಲಗೊಳ್ಳುತ್ತಿತ್ತು. ಉಷ್ಣವಾಗಿರಬೇಕೆಂದು ನನ್ನ ತಾಯಿ ಜೀರಿಗೆ ಕಷಾಯ ಕೊಟ್ಟರು. ದಿನ ತುಂಬಲು ಇನ್ನೂ ಎರಡು ತಿಂಗಳಿಗೂ ಹೆಚ್ಚು ಸಮಯವಿದ್ದಾಗ ಯಾರ ಮನಸ್ಸಿಗೂ ಅದು ಹೆರಿಗೆ ನೋವೆಂದು ಹೊಳೆಯುವುದಿಲ್ಲ, ಹೊಳೆಯಬೇಕೆಂದು ಅವರಿಗೆ ಯಾರೂ ಹೇಳಿಯೂ ಇರಲಿಲ್ಲ. ಸಂಜೆ ನಮ್ಮೂರಿನ ಆಶಾ ಕಾರ್ಯಕರ್ತೆ ಬೇರೆ ಯಾವುದೋ ಕೆಲಸಕ್ಕೆ ಮನೆಗೆ ಬಂದವರು ನನ್ನ ಮುಖ ನೋಡಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಗಡಿಯಾರ ನೋಡುತ್ತ ಕುಳಿತರು. ಸ್ವಲ್ಪ ಹೊತ್ತಿನ ನಂತರ ನನ್ನ ತಾಯಿಯ ಕಡೆ ತಿರುಗಿ, “ದೊಡ್ಡಮ್ಮಾ, ಇದು ಗ್ಯಾಸ್ ಅಲ್ಲ. ಹತ್ತು ನಿಮಿಷಕ್ಕೊಂದು ಸಲ ಬರುತ್ತಿದೆ. ಈಗಲೇ ಹೊರಡಬೇಕು,” ಎಂದರು.

ಈ ಲಕ್ಷಣಗಳನ್ನು ನೀವು ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಹೊಟ್ಟೆ ಲಯ ಹಿಡಿದಂತೆ ಬಿಗಿಯುವುದು, ಬಿಡದ ಸೊಂಟ ನೋವು, ಕೆಳಹೊಟ್ಟೆಯಲ್ಲಿ ಏನೋ ಕೆಳಗೆ ಒತ್ತುತ್ತಿರುವ ಅನುಭವ, ರಕ್ತ ಕಾಣುವುದು, ಅರಿವಿಲ್ಲದೆ ನೀರು ಹೋಗುವುದು, ಮಗುವಿನ ಓಡಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಸ್ಪತ್ರೆಗೆ ಹೋಗಿ ಸುಳ್ಳು ನೋವೆಂದು ತಿಳಿದು ಮನೆಗೆ ಮರಳಿದರೆ ನಷ್ಟವೇನೂ ಇಲ್ಲ. ನಿಜವಾದ ನೋವಾಗಿದ್ದರೆ ಆ ಕೆಲವು ಗಂಟೆಗಳಲ್ಲಿ ಮಾಡಬಹುದಾದದ್ದು ಬಹಳವಿದೆ.

ಆ ಗಂಟೆಗಳಲ್ಲಿ ಮಾಡುವ ಕೆಲಸಗಳಲ್ಲಿ ಮುಖ್ಯವಾದದ್ದು ಒಂದು ಚುಚ್ಚುಮದ್ದು. ಅದರ ಹೆಸರು ಡೆಕ್ಸಾಮೆಥಾಸೋನ್. 24ರಿಂದ 34 ವಾರಗಳ ನಡುವೆ ಹೆರಿಗೆ ನೋವು ಆರಂಭವಾದರೆ ತಾಯಿಗೆ 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ಒಟ್ಟು 4 ಬಾರಿ ಇದನ್ನು ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹೇಳುತ್ತದೆ. ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಡೋಸನ್ನು ಹಳ್ಳಿಯ ಆರೋಗ್ಯ ಉಪಕೇಂದ್ರದ ದಾದಿಯಾದ ಎಎನ್‌ಎಂ ಅವರೇ ಕೊಡಬಹುದೆಂದೂ ಅದರಲ್ಲಿದೆ. ತಾಯಿಗೆ ಜ್ವರ ಅಥವಾ ಗರ್ಭಕೋಶದ ಸೋಂಕಿನ ಲಕ್ಷಣವಿದ್ದರೆ ವೈದ್ಯರು ನೋಡಿ ನಿರ್ಧರಿಸುತ್ತಾರೆ. ಮದ್ದು ಚುಚ್ಚುವುದು ತಾಯಿಗೆ, ಆದರೆ ಅದು ಕೆಲಸ ಮಾಡುವುದು ಮಗುವಿನ ಶ್ವಾಸಕೋಶದ ಮೇಲೆ. ನಮ್ಮ ಶ್ವಾಸಕೋಶದ ಸಣ್ಣ ಸಣ್ಣ ಗಾಳಿಚೀಲಗಳ ಒಳಮೈಗೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂಥ ಪದಾರ್ಥ ಸವರಿಕೊಂಡಿರುತ್ತದೆ. ಅದು ಸಾಕಷ್ಟಿಲ್ಲದಿದ್ದರೆ, ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿಗಳು ಅಂಟಿಕೊಂಡು ಬಿಡಿಸಲು ಬಾರದಂತೆ ಆಗುವ ಹಾಗೆ, ಪ್ರತಿ ಉಸಿರಿಗೂ ಆ ಚೀಲಗಳು ಮುಚ್ಚಿಕೊಳ್ಳುತ್ತವೆ. ಮಗು ಎದೆಗೂಡನ್ನು ಒಳಗೆಳೆದು ಎಳೆದು ಉಸಿರಾಡಿ ಸೋಲುತ್ತದೆ. ಈ ಚುಚ್ಚುಮದ್ದು ಆ ಪದಾರ್ಥ ಬೇಗ ತಯಾರಾಗುವಂತೆ ಮಾಡುತ್ತದೆ. ನೋವನ್ನು ಒಂದೆರಡು ದಿನ ಮುಂದೂಡಲು ಕೊಡುವ ನಿಫೆಡಿಪಿನ್ ಮಾತ್ರೆಯ ಮುಖ್ಯ ಉದ್ದೇಶವೂ ಇದೇ, ಚುಚ್ಚುಮದ್ದು ಕೆಲಸ ಮಾಡಲು ಸಮಯ ಗಳಿಸುವುದು.

ವಿಜ್ಞಾನ ಪಾಠ ಮಾಡುವವಳಾದ್ದರಿಂದ ಇದರ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಕುರಿ ಸಾಕುವ ಮನೆಗಳವರು ಇಲ್ಲಿ ಅನೇಕರಿದ್ದೀರಿ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಗ್ರಹಾಂ ಲಿಗಿನ್ಸ್ ಎಂಬ ವೈದ್ಯರು, ಹೆರಿಗೆ ನೋವು ಹೇಗೆ ಆರಂಭವಾಗುತ್ತದೆಂದು ತಿಳಿಯಲು ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಈ ಚುಚ್ಚುಮದ್ದಿನ ಬಗೆಯ ಹಾರ್ಮೋನು ಪಡೆದು ತೀರ ಮುಂಚಿತವಾಗಿ ಹುಟ್ಟಿದ ಕುರಿಮರಿಗಳು, ಉಸಿರಾಡಲಾರದೆ ಸಾಯಬೇಕಾಗಿದ್ದವು, ನಿರೀಕ್ಷೆಗಿಂತ ಹೆಚ್ಚು ಹೊತ್ತು ಬದುಕಿದ್ದನ್ನು ಅವರು ಗಮನಿಸಿದರು. ಅವುಗಳ ಶ್ವಾಸಕೋಶದಲ್ಲಿ ಗಾಳಿ ತುಂಬಿಕೊಂಡಿತ್ತು. ಮಕ್ಕಳ ವೈದ್ಯ ರಾಸ್ ಹೌವಿ ಅವರೊಡನೆ ಸೇರಿ ಅದನ್ನು ತಾಯಂದಿರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಇದಕ್ಕೆ ಒಂಬತ್ತು ವರ್ಷಗಳ ಮೊದಲು, 1963ರ ಆಗಸ್ಟ್‌ನಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯವರ ಗಂಡುಮಗು ಐದೂವರೆ ವಾರ ಮುಂಚಿತವಾಗಿ ಹುಟ್ಟಿ, ಇದೇ ಉಸಿರಾಟದ ತೊಂದರೆಯಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡಿತು. ಅಷ್ಟು ದೊಡ್ಡ ದೇಶದ ಅಧ್ಯಕ್ಷರ ಮಗುವಿಗೆ ಅಂದು ದೊರೆಯದಿದ್ದ ಮದ್ದು ಇಂದು ನಮ್ಮ ತಾಲ್ಲೂಕು ಆಸ್ಪತ್ರೆಯ ಬೀರುವಿನಲ್ಲಿದೆ. ಅದನ್ನು ಪಡೆಯಲು ಬೇಕಾದದ್ದು ಸಮಯಕ್ಕೆ ಅಲ್ಲಿ ತಲುಪುವುದು ಮಾತ್ರ.

ನನಗೆ ಮೊದಲ ಚುಚ್ಚುಮದ್ದು ದೊರೆತದ್ದು ತಾಲ್ಲೂಕು ಆಸ್ಪತ್ರೆಯಲ್ಲಿಯೇ. ಅಲ್ಲಿಯೇ ಹೆರಿಗೆ ಮಾಡಿಸಿ ಎಂದು ನಮ್ಮವರು ಬೇಡಿಕೊಂಡರು. ಕತ್ತಲಲ್ಲಿ ಮೂವತ್ತು ಕಿಲೋಮೀಟರು ಗರ್ಭಿಣಿಯನ್ನು ಕರೆದುಕೊಂಡು ಹೋಗುವುದು ಹೇಗೆ ಎಂಬುದು ಅವರ ಅಳಲಾಗಿತ್ತು. ಕರ್ತವ್ಯದಲ್ಲಿದ್ದ ವೈದ್ಯೆ ಒಂದೇ ಮಾತು ಹೇಳಿದರು: ಮಗು ಹೊಟ್ಟೆಯೊಳಗೆ ಇರುವಾಗಲೇ ದೊಡ್ಡ ಆಸ್ಪತ್ರೆಗೆ ಹೋಗುವುದು ಕ್ಷೇಮ, ಹುಟ್ಟಿದ ಮೇಲೆ ಅಷ್ಟು ಚಿಕ್ಕ ಮಗುವನ್ನು ಸಾಗಿಸುವುದು ಬಹಳ ಕಷ್ಟ. ಈ ಮಾತಿನಲ್ಲಿ ದೊಡ್ಡ ತಿಳಿವಳಿಕೆಯಿದೆ. ದಾರಿಯಲ್ಲಿ ಮಗುವಿಗೆ ಶಾಖ, ಉಸಿರು, ಆಹಾರ ಮೂರನ್ನೂ ತಾಯಿಯ ಗರ್ಭಕ್ಕಿಂತ ಚೆನ್ನಾಗಿ ಕೊಡುವ ವಾಹನ ಎಲ್ಲಿಯೂ ಇಲ್ಲ. 108ಕ್ಕೆ ಕರೆ ಮಾಡುವಾಗಲೇ ಎಷ್ಟನೆಯ ವಾರವೆಂದು ಹೇಳಿ, ತಾಯಿ ಕಾರ್ಡನ್ನು ಕೈಯಲ್ಲಿಟ್ಟುಕೊಳ್ಳಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಎಂದು ಕರೆಯುವ ನವಜಾತ ಶಿಶುಗಳ ವಿಶೇಷ ಘಟಕವಿದೆ. 34 ವಾರಗಳ ಮೊದಲು ಹುಟ್ಟಿದ ಅಥವಾ 1,800 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಾರೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿಗೂ ಅನಾರೋಗ್ಯದ ಶಿಶುವಿಗೂ ಔಷಧಿ, ಪರೀಕ್ಷೆ, ರಕ್ತ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವ ವಾಹನ ಎಲ್ಲವೂ ಉಚಿತ. ಹಣವಿಲ್ಲವೆಂಬ ಕಾರಣಕ್ಕೆ ಮನೆಯಲ್ಲಿ ಕುಳಿತು ಹೊತ್ತು ಕಳೆಯಬೇಡಿ.

ನನ್ನ ಮಗಳು ಹುಟ್ಟಿದಾಗ 1 ಕೆಜಿ 300 ಗ್ರಾಂ ಇದ್ದಳು. ಊರಿನಲ್ಲಿ ಎಲ್ಲರೂ ಮಗು ಗಾಜಿನ ಪೆಟ್ಟಿಗೆಯಲ್ಲಿದೆ ಎಂದು ಮಾತಾಡಿಕೊಂಡರು. ನಾನು ಮೊದಲ ಸಲ ಒಳಗೆ ಹೋದಾಗ ಕಂಡದ್ದು ಮಗುವನ್ನಲ್ಲ, ತಂತಿಗಳನ್ನು. ಆದ್ದರಿಂದ ಆ ತಂತಿಗಳೇನೆಂದು ನಿಮಗೆ ಹೇಳಿಬಿಡುತ್ತೇನೆ, ಏಕೆಂದರೆ ಯಾವುದು ಏನೆಂದು ತಿಳಿದ ಮೇಲೆ ಭಯ ಅರ್ಧ ಇಳಿಯುತ್ತದೆ. ಮೇಲಿನಿಂದ ಶಾಖ ಬೀರುವ ತೆರೆದ ಹಾಸಿಗೆ ವಾರ್ಮರ್, ಹೊಟ್ಟೆಯ ಮೇಲೆ ಅಂಟಿಸಿದ ಗುಂಡಿ ಮಗುವಿನ ಮೈ ಶಾಖವನ್ನು ಅದಕ್ಕೆ ತಿಳಿಸುತ್ತದೆ. ಪಾದಕ್ಕೆ ಕಟ್ಟಿದ ಕೆಂಪು ದೀಪ ರಕ್ತದಲ್ಲಿ ಎಷ್ಟು ಆಮ್ಲಜನಕವಿದೆ ಎಂದು ಅಳೆಯುತ್ತದೆ. ಮೂಗಿಗೆ ಹಾಕಿದ ಕೊಳವೆ ಸಿಪ್ಯಾಪ್ ಯಂತ್ರದ್ದು, ಅದು ಸದಾ ಒತ್ತಡದ ಗಾಳಿ ಕೊಟ್ಟು ಶ್ವಾಸಕೋಶ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಬಾಯಿಯಿಂದ ಹೊಟ್ಟೆಗೆ ಇಳಿದ ಸಣ್ಣ ಕೊಳವೆ ಹಾಲಿಗೆ. ಯಂತ್ರ ಕೂಗಿದಾಗಲೆಲ್ಲ ಪ್ರಾಣ ಹೋದಂತಾಗುತ್ತದೆ, ಆದರೆ ಪ್ರತಿ ಕೂಗೂ ಅಪಾಯದ್ದಲ್ಲ, ಮಗು ಕಾಲು ಆಡಿಸಿ ತಂತಿ ಸಡಿಲವಾದರೂ ಅದು ಕೂಗುತ್ತದೆ.

ಆದರೂ ಕೆಲವು ಕೂಗು ನಿಜದ್ದೇ. ದಿನ ತುಂಬದ ಮಕ್ಕಳು ಉಸಿರಾಡುವುದನ್ನು ನಡುನಡುವೆ ನಿಲ್ಲಿಸಿಬಿಡುತ್ತವೆ, ಏಕೆಂದರೆ ಉಸಿರಾಟವನ್ನು ಆಳುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. ನರ್ಸ್ ಬಂದು ಪಾದವನ್ನು ಮೆಲ್ಲಗೆ ತಟ್ಟುತ್ತಾರೆ, ಉಸಿರು ಮರಳುತ್ತದೆ. ಇದಕ್ಕೆ ಕೊಡುವ ಔಷಧಿ ಕೆಫೀನ್, ನಾವು ದಿನವೂ ಕುಡಿಯುವ ಕಾಫಿಯಲ್ಲಿರುವ ಅದೇ ಅಂಶ, ವೈದ್ಯರು ತೂಕ ನೋಡಿ ಅಳತೆಯಿಂದ ಕೊಡುವಂಥದ್ದು. ಇನ್ನು ನೀಲಿ ದೀಪದ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸುವುದು ಕಾಮಾಲೆಗೆ. ಇಂಗ್ಲೆಂಡಿನ ಎಸೆಕ್ಸ್‌ನ ಆಸ್ಪತ್ರೆಯೊಂದರಲ್ಲಿ 1956ರಲ್ಲಿ ಜೀನ್ ವಾರ್ಡ್ ಎಂಬ ನರ್ಸ್, ಬಿಸಿಲಿಗೆ ಒಡ್ಡಿದ ಮಗುವಿನ ಮೈ ತಿಳಿಯಾಗಿ, ಬಟ್ಟೆ ಮುಚ್ಚಿದ್ದ ಭಾಗ ಮಾತ್ರ ಹಳದಿಯಾಗಿಯೇ ಉಳಿದದ್ದನ್ನು ವೈದ್ಯರಿಗೆ ತೋರಿಸಿದರು, ಅಲ್ಲಿಂದ ಈ ಚಿಕಿತ್ಸೆ ಹುಟ್ಟಿತು. ಹಾಗೆಂದು ನೀವು ಮನೆಯಲ್ಲಿ ಇಂಥ ಮಗುವನ್ನು ಬಿಸಿಲಿಗೆ ಹಿಡಿಯಬೇಡಿ. ಅಷ್ಟು ಚಿಕ್ಕ ಮೈ ಬೇಗ ಕಾಯುತ್ತದೆ, ಬೇಗ ತಣ್ಣಗಾಗುತ್ತದೆ, ಮತ್ತು ಆ ಬಿಸಿಲು ಕಾಮಾಲೆಗೆ ಸಾಕಾಗುವುದಿಲ್ಲ.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಮಗಳು ಮೊದಲು ಇದ್ದ ಆಸ್ಪತ್ರೆಯಲ್ಲಿ ತಾಯಂದಿರಿಗೆ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ಒಳಗೆ ಪ್ರವೇಶವಿತ್ತು. ಸೋಂಕು ತಗಲುತ್ತದೆ ಎಂಬುದು ಅವರು ಕೊಟ್ಟ ಕಾರಣ. ಉಳಿದ ಹೊತ್ತು ನಾವು ಹೊರಗಿನ ಬೆಂಚಿನ ಮೇಲೆ ಕುಳಿತು, ಬಾಗಿಲು ತೆರೆದಾಗಲೆಲ್ಲ ಕತ್ತು ಚಾಚುತ್ತಿದ್ದೆವು. ಇತ್ತ ಮನೆಯವರು, ಹಸಿ ಬಾಣಂತಿ ಆಸ್ಪತ್ರೆಯ ಗಾಳಿಯಲ್ಲಿ ಕುಳಿತರೆ ಹೇಗೆ, ಮಗುವನ್ನು ನೋಡಿಕೊಳ್ಳಲು ನರ್ಸ್‌ಗಳಿದ್ದಾರಲ್ಲ, ನೀನು ಊರಿಗೆ ಬಾ ಎಂದು ಕರೆಯುತ್ತಿದ್ದರು. ಬಾಗಿಲ ಒಳಗಿನವರೂ ಹೊರಗಿನವರೂ ಪ್ರೀತಿಯಿಂದಲೇ, ಕಾಳಜಿಯಿಂದಲೇ, ತಾಯಿಯನ್ನು ಮಗುವಿನಿಂದ ದೂರ ಮಾಡುತ್ತಿದ್ದರು. ತೀವ್ರ ನಿಗಾ ಘಟಕದಲ್ಲಿರುವ ಮಗುವಿಗೆ ತಾಯಿ ನೋಡಿಹೋಗಲು ಬರುವ ನೆಂಟಳಲ್ಲ. ಅವಳ ಹಾಲು, ಅವಳ ಮೈ ಶಾಖ, ಅವಳ ಧ್ವನಿ ಅಲ್ಲಿಯ ಚಿಕಿತ್ಸೆಯ ಭಾಗ. ಬಾಣಂತನವನ್ನು ಮನೆಯಲ್ಲಿ ಮಾಡಲಾಗದಿದ್ದರೆ ಅದು ಆಸ್ಪತ್ರೆಯಲ್ಲಿ ನಡೆಯಬೇಕು.

ಮೊದಲು ಹಾಲಿನ ವಿಷಯ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮೊಲೆ ಕುಡಿಯುವ ಶಕ್ತಿ ಮಗುವಿಗೆ ಬರುವುದು ಸುಮಾರು 34 ವಾರಗಳ ಹೊತ್ತಿಗೆ. ಅಲ್ಲಿಯವರೆಗೆ ಕೊಳವೆಯಲ್ಲಿ, ಆಮೇಲೆ ಒಳಲೆಯಲ್ಲಿ ಹಾಲು ಕೊಡುತ್ತಾರೆ. ಹೌದು, ನಿಮ್ಮ ಅಜ್ಜಿಯ ಕಾಲದ ಅದೇ ಒಳಲೆ. ಅದು ಇಂದೂ ಈ ಘಟಕಗಳಲ್ಲಿ ದಿನವೂ ಬಳಕೆಯಲ್ಲಿದೆ, ಬಾಟಲಿಗಿಂತ ಅದೇ ಸುರಕ್ಷಿತ. ಆದರೆ ಒಳಲೆಗೆ ತುಂಬಲು ಹಾಲು ಬೇಕಲ್ಲ. ಮಗು ಕುಡಿಯದಿದ್ದರೆ ತಾಯಿಯ ಹಾಲು ಬತ್ತುತ್ತದೆ. ಆದ್ದರಿಂದ ಹೆರಿಗೆಯಾದ ಮೊದಲ ಗಂಟೆಗಳಿಂದಲೇ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಕೈಯಿಂದ ಹಾಲು ಹಿಂಡಿ ತೆಗೆಯಬೇಕು. ಮೊದಲೆರಡು ದಿನ ಬಟ್ಟಲಿನ ತಳವೂ ಮುಚ್ಚದಷ್ಟು ಹಳದಿ ಹಾಲು ಬರುತ್ತದೆ. ಇಷ್ಟರಿಂದ ಏನಾದೀತು ಎಂದು ಯಾರೂ ಅನ್ನಬೇಡಿ. ಈ ಮಕ್ಕಳ ಬಲಿಯದ ಕರುಳು ಕೊಳೆಯುವ ಒಂದು ಭೀಕರ ಕಾಯಿಲೆಯಿದೆ. ಅದರ ಅಪಾಯವನ್ನು ತಗ್ಗಿಸುವುದರಲ್ಲಿ ತಾಯಿಯ ಹಾಲಿಗೆ ಸಮನಾದದ್ದು ಬೇರೆ ಇಲ್ಲ. ತಾಯಿಗೆ ಹಾಲು ಬಾರದ ಸಂದರ್ಭಕ್ಕೆಂದು ಬೇರೆ ತಾಯಂದಿರು ಕೊಟ್ಟ ಹಾಲನ್ನು ಪರೀಕ್ಷಿಸಿ, ಕಾಯಿಸಿ, ಇರಿಸುವ ಹಾಲಿನ ಬ್ಯಾಂಕುಗಳಿವೆ. ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಆರಂಭವಾದದ್ದು ಏಷ್ಯಾದಲ್ಲಿಯೇ ಮೊದಲನೆಯದು, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ ಈಗ ಅಂಥ ವ್ಯವಸ್ಥೆಯಿದೆ. ಹಾಲಿಗೆ ಹೆಸರಾದ ಜಿಲ್ಲೆ ನಮ್ಮದು, ಆದರೆ ಈ ಮಕ್ಕಳಿಗೆ ಹಸುವಿನ ಹಾಲು ಸಲ್ಲದು.

ಹಾಲು ಹಿಂಡುವ ತಾಯಿಗೆ ಹೊಟ್ಟೆ ತುಂಬ ಊಟ ಬೇಕು, ನೀರು ಬೇಕು, ನಡುವೆ ನಿದ್ದೆ ಬೇಕು. ಇಲ್ಲಿ ಕುಳಿತಿರುವ ಅತ್ತೆಯಂದಿರನ್ನು, ಅಮ್ಮಂದಿರನ್ನು ಕೇಳಿಕೊಳ್ಳುತ್ತೇನೆ. ಬಾಣಂತಿಗೆ ನೀರು ಕುಡಿಸಬಾರದು, ಬರೀ ಸಾರು ಅನ್ನ ಸಾಕು ಎಂಬ ಪಥ್ಯವನ್ನು ಬಿಡಿ. ಮುದ್ದೆ, ಸೊಪ್ಪಿನ ಸಾರು, ಬೇಳೆ, ಮೊಟ್ಟೆ ಎಲ್ಲವನ್ನೂ ಡಬ್ಬಿಯಲ್ಲಿ ತನ್ನಿ. ಕಿವಿಗೆ ಹತ್ತಿ ಇಟ್ಟುಕೊಳ್ಳಲಿ, ತಲೆಗೆ ಬಟ್ಟೆ ಕಟ್ಟಿಕೊಳ್ಳಲಿ, ಅದರಿಂದ ಯಾರಿಗೂ ಹಾನಿಯಿಲ್ಲ. ಆದರೆ ನಲವತ್ತು ದಿನ ಹೊಸಿಲು ದಾಟಬಾರದೆಂಬ ಕಟ್ಟು, ಪುರುಡು ಕಳೆಯುವವರೆಗೆ ತಂದೆಯ ಕಡೆಯವರು ಮಗುವನ್ನು ಮುಟ್ಟಬಾರದೆಂಬ ಕಟ್ಟು, ಇವು ಈ ಮಗುವಿಗೆ ಆಗಿಬರುವಂಥವಲ್ಲ. ನನ್ನ ಅತ್ತೆಯವರು ನಮ್ಮ ಮನೆಯಲ್ಲಿ ಮಡಿ ಮೈಲಿಗೆಯನ್ನು ಕಟ್ಟುನಿಟ್ಟಾಗಿ ನೋಡುವವರು. ಅವರು ಆಸ್ಪತ್ರೆಗೆ ಬಂದು, ನರ್ಸ್ ಹೇಳಿದ್ದನ್ನು ಪೂರ್ತಿ ಕೇಳಿ, ಬಳೆ ತೆಗೆದಿಟ್ಟು, ಮೊಣಕೈವರೆಗೆ ಸೋಪಿನಿಂದ ಕೈ ತೊಳೆದುಕೊಂಡು, “ದೇವರ ಮನೆಗೆ ಹೋಗುವಾಗ ಮಾಡುವುದನ್ನೇ ಇಲ್ಲೂ ಮಾಡಿ ಅಂತಾರೆ, ಇದರಲ್ಲಿ ಕಷ್ಟವೇನು?” ಎಂದರು. ಸೋಂಕಿನ ಭಯಕ್ಕೆ ಉತ್ತರ ತಾಯಿಯನ್ನು ಹೊರಗಿಡುವುದಲ್ಲ, ಹೀಗೆ ಕೈ ತೊಳೆಯುವುದು.

ಕಾಂಗರೂ ಆರೈಕೆ ಎಂಬ ಹೆಸರನ್ನು ಆಶಾ ಅಕ್ಕಂದಿರು ಬಲ್ಲರು. ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ 1978ರಲ್ಲಿ ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು ಇದನ್ನು ಆರಂಭಿಸಿದರು. ಅಲ್ಲಿ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳು ಸಾಲದೆ ಒಂದರಲ್ಲಿ ಇಬ್ಬರು ಮೂವರು ಮಕ್ಕಳನ್ನು ಮಲಗಿಸಬೇಕಾಗಿತ್ತು, ಸೋಂಕು ಒಬ್ಬರಿಂದ ಒಬ್ಬರಿಗೆ ಹರಡುತ್ತಿತ್ತು. ಅವರು ಮಗುವನ್ನು ತಾಯಿಯ ಬರಿಯ ಎದೆಗೆ ಆನಿಸಿ ಕಟ್ಟಿ, ತಾಯಿಯ ಹಾಲನ್ನೇ ಕೊಟ್ಟು ನೋಡಿದರು. ಬಡ ಆಸ್ಪತ್ರೆಯ ಕೊರತೆಯಿಂದ ಹುಟ್ಟಿದ ಉಪಾಯವಾದ್ದರಿಂದ ಇದು ಯಂತ್ರವಿಲ್ಲದವರ ಚಿಕಿತ್ಸೆಯೆಂದು ಬಹಳ ಕಾಲ ಜನ ತಿಳಿದಿದ್ದರು. ಮಗು ಚೇತರಿಸಿಕೊಂಡು ಸ್ಥಿರವಾದ ಮೇಲೆ ಮಾತ್ರ ಮಾಡಬೇಕೆಂಬ ನಿಯಮವೂ ಇತ್ತು. ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಈ ನಿಯಮವನ್ನು ಬದಲಿಸಿತು. ನಮ್ಮ ದೇಶದಲ್ಲಿ ಅದು ನಡೆದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. 1 ಕೆಜಿಯಿಂದ 1,799 ಗ್ರಾಂವರೆಗಿನ ಮಕ್ಕಳಲ್ಲಿ ಒಂದು ಗುಂಪಿಗೆ ಹುಟ್ಟಿದ ತಕ್ಷಣದಿಂದಲೇ ಎದೆಗಪ್ಪಿಸಿದರು, ಇನ್ನೊಂದು ಗುಂಪಿಗೆ ಸ್ಥಿರವಾದ ಮೇಲೆ. 28 ದಿನಗಳ ಒಳಗಿನ ಸಾವು ಮೊದಲ ಗುಂಪಿನಲ್ಲಿ ನೂರಕ್ಕೆ 12, ಎರಡನೆಯ ಗುಂಪಿನಲ್ಲಿ ನೂರಕ್ಕೆ 15.7. ವ್ಯತ್ಯಾಸ ಎಷ್ಟು ಸ್ಪಷ್ಟವಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು, ಏಕೆಂದರೆ ಎರಡನೆಯ ಗುಂಪಿನ ಮಕ್ಕಳನ್ನು ಇನ್ನು ಕಾಯಿಸುವುದು ತಪ್ಪಾಗುತ್ತಿತ್ತು.

ಇದನ್ನು ಮಾಡಲು ಆ ಆಸ್ಪತ್ರೆಗಳು ತೀವ್ರ ನಿಗಾ ಘಟಕದೊಳಗೆ ತಾಯಂದಿರಿಗೂ ಹಾಸಿಗೆ ಹಾಕಿದವು ಎಂಬುದನ್ನು ಗಮನಿಸಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ದಿನ ತುಂಬದ ಮತ್ತು ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದೊಡನೆ ಕಾಂಗರೂ ಆರೈಕೆ ಆರಂಭಿಸಿ, ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದಷ್ಟು ಹೆಚ್ಚು ಹೊತ್ತು ಮಾಡಬೇಕೆಂದು ಶಿಫಾರಸು ಮಾಡಿತು. ನಮ್ಮ ಕೇಂದ್ರ ಸರ್ಕಾರವೂ ತಾಯಿ ಮಗು ಒಟ್ಟಿಗೆ ಇರುವ ಎಂಎನ್‌ಸಿಯು ಘಟಕಗಳ ಮಾರ್ಗಸೂಚಿ ಹೊರಡಿಸಿದೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಕೆಲಸ ನಡೆದು ಹೆಸರಾಗಿದೆ. ಕೊಪ್ಪಳದಲ್ಲಿ ಆದದ್ದು ಕೋಲಾರದಲ್ಲಿ, ಚಿಕ್ಕಬಳ್ಳಾಪುರದಲ್ಲಿ, ತುಮಕೂರಿನಲ್ಲಿ ಆಗಬೇಕೆಂದು ಕೇಳುವ ಹಕ್ಕು ನಮಗಿದೆ. ನಿಮ್ಮ ಮಗು ಇರುವ ಘಟಕದಲ್ಲಿ ಒಳಗೆ ಬಿಡದಿದ್ದರೆ ಜಗಳವಾಡಬೇಡಿ, ಆದರೆ ದಿನವೂ ಕೇಳಿ: ಕಾಂಗರೂ ಆರೈಕೆ ಯಾವಾಗ ಆರಂಭಿಸೋಣ?

ಮಾಡುವ ವಿಧಾನ ಕಷ್ಟದ್ದಲ್ಲ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ತಾಯಿಯ ಎರಡು ಸ್ತನಗಳ ನಡುವೆ ನೆಟ್ಟಗೆ ಆನಿಸಿ, ಕೈಕಾಲು ಕಪ್ಪೆಯಂತೆ ಮಡಿಸಿ, ಉಸಿರಿಗೆ ಅಡ್ಡವಾಗದಂತೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟುತ್ತಾರೆ. ಒರಗಿ ಕುಳಿತೋ ಅರೆ ಮಲಗಿಯೋ ಎಷ್ಟು ಹೊತ್ತಾದರೂ ಇರಬಹುದು, ಒಂದು ಸಲ ಕಟ್ಟಿದರೆ ಕನಿಷ್ಠ ಒಂದು ಗಂಟೆ ಬಿಚ್ಚಬಾರದು. ತಾಯಿಗೆ ದಣಿವಾದರೆ ತಂದೆ ಮಾಡಬಹುದು, ಅಜ್ಜಿ ಮಾಡಬಹುದು. ನನ್ನ ಗಂಡ ಎದೆಯ ಮೇಲೆ ಮಗಳನ್ನು ಕಟ್ಟಿಕೊಂಡು ಕುಳಿತಾಗ ಯಂತ್ರದ ಪರದೆಯ ಮೇಲೆ ಅವಳ ಹೃದಯದ ಬಡಿತ ಸಮನಾದದ್ದನ್ನು ನಾವಿಬ್ಬರೂ ನೋಡಿದೆವು. ಅಲ್ಲಿಯವರೆಗೆ ಅವಳನ್ನು ಮುಟ್ಟಲು ಹೆದರುತ್ತಿದ್ದ ಅವರು ಆಮೇಲೆ ತಮ್ಮ ಸರದಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಆ ದಿನಗಳಲ್ಲಿ ತಾಯಿಯ ಮನಸ್ಸು ಹೇಗಿರುತ್ತದೆಂದು ಹೇಳದೆ ಮುಗಿಸಲಾರೆ. ಪಕ್ಕದ ವಾರ್ಮರಿನ ಮಗು ತೀರಿಕೊಂಡ ರಾತ್ರಿ ನಾವು ಯಾರೂ ಮಾತಾಡಲಿಲ್ಲ, ಆ ತಾಯಿ ಹಿಂಡಿಟ್ಟಿದ್ದ ಹಾಲಿನ ಬಟ್ಟಲನ್ನು ಹಿಡಿದುಕೊಂಡೇ ಕುಳಿತಿದ್ದಳು. ಎಲ್ಲ ಮಕ್ಕಳೂ ಉಳಿಯುತ್ತವೆಂದು ನಾನು ನಿಮಗೆ ಭರವಸೆ ಕೊಡುತ್ತಿಲ್ಲ. ಉಳಿದ ಮಗುವಿನ ತಾಯಿಯೂ ಒಂದು ದಿನ ತೂಕ ಇಪ್ಪತ್ತು ಗ್ರಾಂ ಏರಿದರೆ ನಗುತ್ತಾಳೆ, ಮರುದಿನ ಇಳಿದರೆ ಊಟ ಬಿಡುತ್ತಾಳೆ. ಮನೆಗೆ ಬಂದ ಮೇಲೂ ಅಳು ನಿಲ್ಲದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ, ನಿದ್ದೆ ಬಾರದಿದ್ದರೆ ಅದನ್ನು ಗಾಳಿ ಸೋಕಿದೆ ಎಂದು ತಾಯತ ಕಟ್ಟಿ ಬಿಡಬೇಡಿ. ಅದು ಹೆರಿಗೆಯ ನಂತರದ ಖಿನ್ನತೆ, ಅದಕ್ಕೆ ವೈದ್ಯರಿದ್ದಾರೆ, ಔಷಧಿಯಿದೆ.

ಕಣ್ಣಿನ ವಿಷಯವನ್ನು ಯಾರೂ ಮರೆಯುವಂತಿಲ್ಲ. ದಿನ ತುಂಬದ ಮಗುವಿನ ಕಣ್ಣಿನ ಹಿಂಭಾಗದ ಪರದೆಯಲ್ಲಿ ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ, ಮುಖ್ಯವಾಗಿ ಆಮ್ಲಜನಕ ಹೆಚ್ಚಾದಾಗ, ಅವು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡಬಹುದು. ಇದಕ್ಕೆ ಆರ್‌ಒಪಿ ಎನ್ನುತ್ತಾರೆ. 1940ರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ, ಆಮ್ಲಜನಕವನ್ನು ಧಾರಾಳವಾಗಿ ಕೊಟ್ಟ ಕಾಲದಲ್ಲಿ, ಸಾವಿರಾರು ಮಕ್ಕಳು ಹೀಗೆ ಕುರುಡಾದರು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ತಾಯಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. 34 ವಾರಗಳ ಮೊದಲು ಅಥವಾ 2 ಕೆಜಿಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಪ್ರತಿ ಮಗುವಿಗೂ, ಹುಟ್ಟಿ 30 ದಿನ ಆಗುವುದರೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ತೀರ ಚಿಕ್ಕ ಮಕ್ಕಳಿಗೆ ಎರಡು ಮೂರು ವಾರಗಳಲ್ಲೇ ಆಗಬೇಕು. ಕಾಯಿಲೆ ಕಂಡರೆ ಒಂದೆರಡು ದಿನಗಳಲ್ಲಿ ಲೇಸರ್ ಅಥವಾ ಚುಚ್ಚುಮದ್ದಿನ ಚಿಕಿತ್ಸೆ ಕೊಟ್ಟು ದೃಷ್ಟಿ ಉಳಿಸುತ್ತಾರೆ. ಇದರಲ್ಲಿ ನಮ್ಮ ರಾಜ್ಯಕ್ಕೆ ಹೆಮ್ಮೆಪಡುವ ಕಾರಣವಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಘಟಕಗಳಿಗೇ ಹೋಗಿ ಶಿಶುಗಳ ಕಣ್ಣಿನ ಒಳಚಿತ್ರ ತೆಗೆಯುತ್ತಾರೆ, ಅದನ್ನು ದೂರದಲ್ಲಿರುವ ತಜ್ಞರು ಇಂಟರ್‌ನೆಟ್ ಮೂಲಕ ನೋಡಿ ಹೇಳುತ್ತಾರೆ. ಆದರೆ ಮಗುವನ್ನು ಮನೆಗೆ ಕರೆತಂದ ಮೇಲೆ ಮುಂದಿನ ತಪಾಸಣೆಗೆ ಕರೆದೊಯ್ಯುವ ಹೊಣೆ ನಮ್ಮದೇ. ಕಿವಿಯ ಪರೀಕ್ಷೆಯೂ ಹಾಗೆಯೇ.

ಮನೆಗೆ ಬಂದ ಮಗುವಿಗೆ ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ತೇಯ್ದ ಬಜೆ, ಜೇನುತುಪ್ಪ, ಹರಳೆಣ್ಣೆ ಯಾವುದೂ ಬೇಡ. ಹೊಗೆ ಆ ಶ್ವಾಸಕೋಶಕ್ಕೆ ವಿಷ. ತೂಕ ಬರುವವರೆಗೆ ಸ್ನಾನದ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತೊಟ್ಟಿಲು ಶಾಸ್ತ್ರಕ್ಕೆ ಊರೆಲ್ಲ ಬಂದು ಮಗುವನ್ನು ಕೈಯಿಂದ ಕೈಗೆ ದಾಟಿಸುವುದನ್ನು ಮುಂದೂಡಿ. ಕಾಂಗರೂ ಆರೈಕೆಯನ್ನು ಮನೆಯಲ್ಲೂ ಮುಂದುವರಿಸಿ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಎದೆಗೂಡು ಒಳಗೆಳೆದುಕೊಂಡರೆ, ನೀಲಿಯಾದರೆ ತಡಮಾಡಬೇಡಿ.

ಮುಂದಿನ ಸಾಲಿನಲ್ಲಿ ಕುಳಿತಿರುವ ಅಜ್ಜಿಯೊಬ್ಬರು ಮಾತು ಆರಂಭಿಸುವ ಮೊದಲೇ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು: ಮೊಮ್ಮಗನಿಗೆ ಒಂಬತ್ತು ತಿಂಗಳಾಯಿತು, ಓರಗೆಯ ಮಕ್ಕಳು ಅಂಬೆಗಾಲಿಡುತ್ತಿವೆ, ಇವನು ಈಗ ತಾನೇ ಆಸರೆ ಕೊಟ್ಟರೆ ಕೂರುತ್ತಾನೆ, ಏನಾದರೂ ಕೊರತೆಯೇ? ಅಮ್ಮಾ, ಅವನು ಹುಟ್ಟಿದ್ದು ಮೂವತ್ತನೆಯ ವಾರದಲ್ಲಿ ಎಂದು ನೀವೇ ಹೇಳಿದಿರಿ. ಹತ್ತು ವಾರ, ಅಂದರೆ ಎರಡೂವರೆ ತಿಂಗಳು ಮುಂಚಿತವಾಗಿ ಬಂದವನು. ಅದನ್ನು ಕಳೆದರೆ ಅವನ ನಿಜವಾದ ವಯಸ್ಸು ಆರೂವರೆ ತಿಂಗಳು, ಆ ವಯಸ್ಸಿಗೆ ಆಸರೆಯಿಂದ ಕೂರುವುದು ಸರಿಯಾಗಿಯೇ ಇದೆ. ಎರಡು ವರ್ಷ ತುಂಬುವವರೆಗೆ ಬೆಳವಣಿಗೆಯನ್ನು ಹೀಗೆ ಕಳೆದು ಎಣಿಸಬೇಕು. ಲಸಿಕೆಗೆ ಮಾತ್ರ ಕಳೆಯಬಾರದು, ಅದು ಹುಟ್ಟಿದ ದಿನದ ಲೆಕ್ಕದಲ್ಲೇ ನಡೆಯಬೇಕು. ಹೀಗೆ ಕಳೆದು ಎಣಿಸಿದ ಮೇಲೂ ಅವನು ಹಿಂದುಳಿದಂತೆ ಕಂಡರೆ, ಒಂದು ಕೈಯನ್ನಷ್ಟೇ ಬಳಸಿದರೆ, ಕಾಲು ಬಿಗಿಯಾಗಿದ್ದರೆ, ಕರೆದಾಗ ತಿರುಗದಿದ್ದರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರದಲ್ಲಿ, ತೋರಿಸಿ. ಹೋಗುವಾಗ ತಾಯಿ ಕಾರ್ಡನ್ನೂ ಎಸ್‌ಎನ್‌ಸಿಯು ಕೊಟ್ಟ ಡಿಸ್ಚಾರ್ಜ್ ಚೀಟಿಯನ್ನೂ ತೆಗೆದುಕೊಂಡು ಹೋಗಿ, ಅವನು ಎಷ್ಟನೆಯ ವಾರದಲ್ಲಿ ಹುಟ್ಟಿದನೆಂದು ಅದರಲ್ಲಿ ಬರೆದಿರುತ್ತದೆ.